ಹುಲ್ಲಿನಲ್ಲಿ ಉಳಿದ ಕರುಗಳು

ಬಯಲಿನ ದನಗಾಹಿಗಳೆಲ್ಲ ಅವಳನ್ನು ರೇಡಿಯೋ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಬೆಳೆದದ್ದೇ ರೇಡಿಯೋಗಳ ನಡುವೆ ಎಂಬುದು ಆ ಹೆಸರಿಟ್ಟವರಿಗೆ ಗೊತ್ತಿರಲಿಲ್ಲ. ಪೇಟೆಯಲ್ಲಿ ಅವಳ ಅಪ್ಪನದು ರೇಡಿಯೋ ರಿಪೇರಿ ಅಂಗಡಿ. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡಿ ಬಂದು, ಅಪ್ಪ ಬೆಸುಗೆ ಹಾಕುವುದನ್ನು ನೋಡುತ್ತ ಕೂರುತ್ತಿದ್ದಳು. ಹತ್ತು ವರ್ಷಕ್ಕೆಲ್ಲ, ಪೆಟ್ಟಿಗೆ ಬಿಚ್ಚುವ ಮೊದಲೇ, ಬರುವ ಗೊರಗೊರ ಸದ್ದು ಕೇಳಿ ಯಾವ ಭಾಗ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದಳು. ಅಪ್ಪ ಹೋದ ಮೇಲೆ ತಮ್ಮ ಅದನ್ನು ಮೊಬೈಲ್ ಅಂಗಡಿ ಮಾಡಿದ. ಕೆಟ್ಟ ಮೊಬೈಲನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಎಸೆದು ಬೇರೆ ತಗೋತಾರೆ. ಅಂಗಡಿಯಲ್ಲಿ ಅವಳಿಗೆ ಕೂರಲು ಒಂದು ಸ್ಟೂಲ್ ಉಳಿಯಿತು, ಮಾಡಲು ಕೆಲಸ ಉಳಿಯಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು, ಹಾಗೇ ತಣ್ಣಗಾಗಿತ್ತು. ನಲವತ್ತಮೂರು ದಾಟಿದ ಹೆಂಗಸು, ತಮ್ಮನ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿಕೊಂಡು, ತಾನು ಯಾರಿಗೂ ಅಡ್ಡಿಯಾಗದ ಹಾಗೆ ಬದುಕುವುದನ್ನು ರೂಢಿ ಮಾಡಿಕೊಂಡಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ದನದ ಡಾಕ್ಟರೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಹಳೆಯ ಟ್ರಾನ್ಸಿಸ್ಟರಿನಷ್ಟು ದೊಡ್ಡದಾದ ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಮೀನಿನ ಮೂಳೆಯಂಥ ಆಂಟೆನಾ. ತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಲ್ಲ ಈಗ ಆಗಲ್ಲ ಸರ್" ಅಂದ. ಮೂಲೆಯಲ್ಲಿದ್ದ ಅಕ್ಕ ಎದ್ದು ಬಂದಳು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಟಿಕ್ ಟಿಕ್ ಎನ್ನತೊಡಗಿತು. ಡಾಕ್ಟರು ಅವಳ ಮುಖವನ್ನೇ ನೋಡಿದರು. "ಬಯಲಲ್ಲಿ ಒಬ್ಬರೇ ಇರೋ ಧೈರ್ಯ ಇದೆಯಾ?" ಎಂದು ಕೇಳಿದರು. ಒಬ್ಬಳೇ ಇರಲು ಧೈರ್ಯವೇಕೆ ಬೇಕು ಎಂದು ಅವಳಿಗೆ ಅರ್ಥವಾಗಲಿಲ್ಲ. "ಇರ್ತೀನಿ" ಅಂದಳು.

ಬಯಲು ಎಂದರೆ ಕಣ್ಣು ಸೋಲುವಷ್ಟು ದೂರ ಹುಲ್ಲು. ಬೇಲಿ ಇಲ್ಲ, ಗಡಿ ಇಲ್ಲ. ಆರು ಮಂದೆಗಳು ಅಲ್ಲಿ ಮೇಯುತ್ತಿದ್ದವು. ವರ್ಷವರ್ಷವೂ ಕರುಗಳು ಸಾಯುತ್ತಿದ್ದವು, ದನಗಾಹಿಗಳು ಒಂದೇ ಮಾತು ಹೇಳುತ್ತಿದ್ದರು: ತೋಳ. ಒಂದಿಬ್ಬರು ವಿಷ ಇಟ್ಟು ತೋಳದ ವಂಶವನ್ನೇ ತೆಗೆದುಬಿಡುತ್ತೇವೆ ಎಂದು ಹೊರಟಿದ್ದರು. ಡಾಕ್ಟರಿಗೆ ಬೇಕಾಗಿದ್ದದ್ದು ಅನುಮಾನವಲ್ಲ, ಲೆಕ್ಕ. ಕರು ಹುಟ್ಟಿದ ದಿನವೇ ಅದರ ಕಿವಿಗೆ ಬೆರಳಿನ ತುದಿಯಷ್ಟು ರೇಡಿಯೋ ಬಿಲ್ಲೆ ಚುಚ್ಚುವುದು. ಪ್ರತಿ ಬಿಲ್ಲೆಗೂ ಬೇರೆ ಬೇರೆ ನಂಬರು. ಕರು ಬದುಕಿ ಓಡಾಡುತ್ತಿದ್ದರೆ ಟಿಕ್, ಟಿಕ್ ಎಂದು ನಿಧಾನವಾಗಿ ಬರುತ್ತದೆ. ನಾಲ್ಕು ಗಂಟೆ ಕಾಲ ಒಂದಿಷ್ಟೂ ಅಲುಗಾಡದಿದ್ದರೆ ಸದ್ದು ಇಮ್ಮಡಿ ವೇಗವಾಗುತ್ತದೆ. ಆಗ ರೇಡಿಯೋ ಅಕ್ಕ ಹಳೇ ಜೀಪು ಹತ್ತಿ, ನರಿ ಹದ್ದುಗಳು ತಿಂದು ಮುಗಿಸುವ ಮೊದಲು ಅಲ್ಲಿಗೆ ಮುಟ್ಟಬೇಕು, ಕರು ಯಾಕೆ ಸತ್ತಿತು ಎಂದು ಪತ್ತೆ ಮಾಡಬೇಕು.

ಆ ಪತ್ತೆಯ ವಿದ್ಯೆಯನ್ನು ಡಾಕ್ಟರು ಅವಳಿಗೆ ಮೂರು ವಾರ ಕೂರಿಸಿ ಕಲಿಸಿದರು. ಹಲ್ಲಿನ ಗುರುತು ಇದ್ದ ಮಾತ್ರಕ್ಕೆ ತೋಳವೇ ಕೊಂದಿತು ಎನ್ನುವಂತಿಲ್ಲ. ಚರ್ಮ ಬಿಡಿಸಿ ನೋಡಬೇಕು. ಕಚ್ಚಿದ ಜಾಗದ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕರು ಬದುಕಿದ್ದಾಗ ಕಚ್ಚಿದ್ದು. ಒಳಗೆ ಮಾಂಸ ಬೆಳ್ಳಗೆ, ಹೆಪ್ಪಿಲ್ಲದೆ ಇದ್ದರೆ ಸತ್ತ ಮೇಲೆ ತಿಂದದ್ದು. ಹೊಟ್ಟೆಯಲ್ಲಿ ಮೊಸರಿನಂತೆ ಒಡೆದ ಹಾಲಿದ್ದರೆ ತಾಯಿ ಕುಡಿಸಿದ್ದಾಳೆ, ಖಾಲಿಯಿದ್ದರೆ ಇಲ್ಲ. ಮೊದಮೊದಲು ಒಂದು ಕರುವಿಗೆ ಅರ್ಧ ದಿನ ಹಿಡಿಯುತ್ತಿತ್ತು. ಆಮೇಲೆ ಆಮೇಲೆ, ಪೆಟ್ಟಿಗೆ ಬಿಚ್ಚಿ ಕೆಟ್ಟ ಭಾಗ ಹುಡುಕುತ್ತಿದ್ದಷ್ಟೇ ಶಾಂತವಾಗಿ ಆ ಕೆಲಸ ಮಾಡತೊಡಗಿದಳು.

ಇರಲು ತಗಡಿನ ಒಂದು ಕೋಣೆ. ಕಬ್ಬಿಣದ ಮಂಚ, ಬ್ಯಾಟರಿ ಚಾರ್ಜರು, ಗೋಡೆಯ ಮೇಲೆ ಬಯಲಿನ ನಕ್ಷೆ. ಕರು ಸತ್ತ ಕಡೆ ಕೆಂಪು ಗುಂಡುಪಿನ್ನು. ಒಂದು ಪುಟ್ಟ ಫ್ರಿಜ್. ಮೇಲಿನ ತಟ್ಟೆ ಅವಳ ಮೊಟ್ಟೆ ಹಾಲಿಗೆ, ಕೆಳಗಿನದು ಲ್ಯಾಬಿಗೆ ಕಳಿಸಬೇಕಾದ ಕರುಳು ಯಕೃತ್ತಿಗೆ. ಅವಸರದಲ್ಲಿ ತಪ್ಪು ಡಬ್ಬಿ ತೆಗೆದೀಯಾ ಎಂದು ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಳು. ನಗಲು ಬೇರೆ ಯಾರೂ ಇರಲಿಲ್ಲ. ಡಾಕ್ಟರು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಅವರು ಬಂದು ಏನಾದರೂ ಕೇಳಿದಾಗ ಅವಳ ಗಂಟಲಿಂದ ಮೊದಲ ಮಾತು ಬರುವುದಕ್ಕೆ ಒಮ್ಮೆ ಕೆಮ್ಮಬೇಕಾಗುತ್ತಿತ್ತು. ಭಾನುವಾರ ತಮ್ಮನ ಹೆಂಡತಿ ಫೋನ್ ಮಾಡಿ, "ಊಟ ಆಯ್ತಾ ಅತ್ತಿಗೆ?" ಎಂದು ಕೇಳುತ್ತಿದ್ದಳು. ಆಯ್ತು ಎಂದ ಮೇಲೆ ಇಬ್ಬರಿಗೂ ಮಾತು ಮುಗಿದಿರುತ್ತಿತ್ತು.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ದಿಬ್ಬ ಹತ್ತುವುದು. ಕಿವಿಗೆ ಹೆಡ್‌ಫೋನ್, ಒಂದು ಕೈಯಲ್ಲಿ ಆಂಟೆನಾ, ಇನ್ನೊಂದು ಕೈ ತಿರುಗುಗುಂಡಿಯ ಮೇಲೆ. ಒಂದೊಂದೇ ನಂಬರು ಹಿಡಿದು, ಸುತ್ತ ತಿರುಗಿ, ಸದ್ದು ಎತ್ತ ಕಡೆ ಜೋರಾಗಿದೆ ಎಂದು ಗುರುತು ಮಾಡಿ, ಪುಸ್ತಕದಲ್ಲಿ 'ಜೀವಂತ' ಎಂದು ಬರೆಯುವುದು. ಮುಗಿಯುವ ಹೊತ್ತಿಗೆ ಎರಡು ಗಂಟೆ. ಆ ಎರಡು ಗಂಟೆ ಅವಳಿಗೆ ಒಂಟಿ ಅನಿಸುತ್ತಿರಲಿಲ್ಲ. ಹೆಡ್‌ಫೋನ್ ತೆಗೆದ ಮೇಲೆ ಗಾಳಿಯ ಸದ್ದು ಒಮ್ಮೆಲೇ ಬಂದು ತುಂಬಿಕೊಳ್ಳುತ್ತಿತ್ತಲ್ಲ, ಆಗ ಅನಿಸುತ್ತಿತ್ತು.

ಬಯಲಿನಲ್ಲಿ ಅವಳಿಗೆ ಮನೆಯಂತೆ ಅನಿಸಿದ್ದು ಒಂದೇ ಬಿಡಾರ. ಅದರ ಯಜಮಾನಿ ಅರವತ್ತೆಂಟು ವರ್ಷದ ದನಗಾಹಿ. ಗಂಡ ಸತ್ತ ಮೇಲೆ ಮೂವತ್ತು ವರ್ಷ ಒಬ್ಬಳೇ ಮಂದೆ ಕಟ್ಟಿ ಬೆಳೆಸಿದವಳು. ಪಕ್ಕದ ಬಿಡಾರದಲ್ಲಿ ಅವಳ ಅಣ್ಣನ ಮಗ, ಅವನಿಗೂ ಸ್ವಂತ ಮಂದೆ. ಅವನು ಅವಳನ್ನು ಅತ್ತೆ ಎನ್ನುತ್ತಿದ್ದರಿಂದ ಬಯಲಿಗೆಲ್ಲ ಅವಳು ಅತ್ತೆಯೇ. ರೇಡಿಯೋ ಅಕ್ಕ ಮಾತ್ರ ದೊಡ್ಡಮ್ಮ ಎನ್ನುತ್ತಿದ್ದಳು. ವಾರಕ್ಕೆರಡು ಸಲ ಅವಳ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದಳು.

"ನಿನ್ನ ಪೆಟ್ಟಿಗೇಲಿ ಹಾಡು ಬರಲ್ವಾ?" ಎಂದು ಅತ್ತೆ ಕೇಳುತ್ತಿದ್ದಳು.

"ಬರಲ್ಲ ದೊಡ್ಡಮ್ಮ. ಬರೀ ನಿಮ್ಮ ಕರುಗಳದ್ದೇ ಸುದ್ದಿ."

"ಹಾಗಾದ್ರೆ ವಾರ್ತೆ ಅನ್ನು."

ಎರಡು ವರ್ಷ ಹೀಗೆ ಸಾಗಿತು. ಎರಡನೆಯ ವರ್ಷದ ಕೊನೆಗೆ ರೇಡಿಯೋ ಅಕ್ಕ ಲೆಕ್ಕ ಕೂಡಿದಳು. ಬಯಲಿನಲ್ಲೆಲ್ಲ ಬಿಲ್ಲೆ ಹಾಕಿದ ಕರು ಇನ್ನೂರ ಹತ್ತು. ಸತ್ತದ್ದು ಐವತ್ತೆಂಟು. ತೋಳ ಕೊಂದದ್ದು ಬರೀ ಹನ್ನೊಂದು. ಉಳಿದವು ಕಾಯಿಲೆ, ಚಳಿ, ಕೆಸರು, ಹಾಲಿನ ಕೊರತೆ. ಅಷ್ಟರಲ್ಲೇ ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ನಕ್ಷೆಯ ಮೇಲೆ ಒಂದು ಕಡೆ ಕೆಂಪು ಪಿನ್ನುಗಳು ಒತ್ತೊತ್ತಾಗಿದ್ದವು. ಅತ್ತೆಯ ಮಂದೆಯಲ್ಲಿ ನಲವತ್ತಾರು ಕರುಗಳಲ್ಲಿ ಹದಿನಾಲ್ಕು ಸತ್ತಿದ್ದವು. ಹದಿನಾಲ್ಕರಲ್ಲಿ ಎರಡು ತೋಳದ ಬಾಯಿಗೆ ಹೋದವು. ಹನ್ನೆರಡರ ಹೊಟ್ಟೆ ಖಾಲಿ. ಎಲ್ಲವೂ ಮೂರು ನಾಲ್ಕು ದಿನದವು, ಎಲ್ಲವೂ ಎತ್ತರದ ಹುಲ್ಲಿನಲ್ಲಿ, ಬಿಡಾರದಿಂದ ದೂರದಲ್ಲಿ.

ಹಸು ಮೇಯಲು ಹೋಗುವಾಗ ಎಳೆಗರುವನ್ನು ಹುಲ್ಲಿನಲ್ಲಿ ಮಲಗಿಸಿ ಹೋಗುತ್ತದೆ. ಸಂಜೆ ಮಂದೆ ತಿರುಗುವಾಗ ದನಗಾಹಿ ಅಂಥ ಕರುಗಳನ್ನು ಹುಡುಕಿ ಎಬ್ಬಿಸಿ ತರಬೇಕು. ತರದಿದ್ದರೆ ತಾಯಿ ದೊಡ್ಡಿಯೊಳಗೆ, ಕರು ಚಳಿಯಲ್ಲಿ. ಮೂವತ್ತು ವರ್ಷ ಒಂದು ಕರುವನ್ನೂ ಬಿಟ್ಟು ಬರದ ಹೆಂಗಸು ಈಗ ಹೇಗೆ ಬಿಟ್ಟು ಬರುತ್ತಿದ್ದಾಳೆ?

ಆಗ ನೆನಪಾಗತೊಡಗಿತು. ಟೀ ಬಗ್ಗಿಸುವಾಗ ಅತ್ತೆ ಲೋಟದ ಒಳಗೆ ಬೆರಳಿಟ್ಟು, ಬಿಸಿ ತಾಗಿದ ಮೇಲೆ ನಿಲ್ಲಿಸುತ್ತಿದ್ದಳು. ಬಂದವರು ಮಾತಾಡುವ ತನಕ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾತಾಡುವಾಗ ಎದುರಿದ್ದವರ ಕಿವಿಯ ಪಕ್ಕಕ್ಕೆ ನೋಡುತ್ತಿದ್ದಳು. ವಯಸ್ಸಾದವರ ರೀತಿ ಎಂದು ರೇಡಿಯೋ ಅಕ್ಕ ಅದನ್ನೆಲ್ಲ ಗಾಳಿಗೆ ಬಿಟ್ಟಿದ್ದಳು.

ಮರುದಿನ ಬೆಳಗ್ಗೆಯೇ ಹೋದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಲು ಅವಳಿಗೆ ಬರುತ್ತಿರಲಿಲ್ಲ. "ದೊಡ್ಡಮ್ಮ, ನಿಮ್ಮ ಹದಿನಾಲ್ಕು ಕರು ಹೋಗಿವೆಯಲ್ಲ, ಅದರಲ್ಲಿ ತೋಳ ಕೊಂದದ್ದು ಎರಡೇ" ಅಂದಳು.

"ಉಳಿದದ್ದು?"

"ಹಾಲಿಲ್ಲದೆ ಸತ್ತವು. ಹುಲ್ಲಲ್ಲೇ ಉಳಿದುಬಿಟ್ಟಿದ್ದವು."

ಅತ್ತೆ ಕೈಯಲ್ಲಿದ್ದ ಹಗ್ಗದ ಗಂಟನ್ನು ಬೆರಳಿಂದ ತಡವುತ್ತ ಕೂತಳು.

"ನಿಮ್ಮ ಕಣ್ಣು ಯಾವಾಗಿಂದ ಹೀಗೆ?"

"ಆಸ್ಪತ್ರೆಗೆ ಹೋಗಿದ್ದೆ. ಹೋದ ವರ್ಷ. ಯಾರಿಗೂ ಹೇಳದೆ. ಕಣ್ಣಿನ ಹಿಂದಿನ ಪರದೆ ಸವೆದಿದೆಯಂತೆ, ಆಪರೇಷನ್ನಿಗೆ ಬಗ್ಗಲ್ಲವಂತೆ. ನೇರ ನೋಡಿದ್ರೆ ಮೋಡ. ಪಕ್ಕದಲ್ಲಿ ಒಂಚೂರು ಕಾಣುತ್ತೆ." ಆಮೇಲೆ ಕೇಳಿದಳು, "ಇದನ್ನ ಬರೀತೀಯಾ?"

"ಕರು ಸತ್ತ ಕಾರಣ ಬರೆದಾಗಿದೆ ದೊಡ್ಡಮ್ಮ. ನಿಮ್ಮ ಕಣ್ಣಿನ ವಿಷಯ ಬರೆದಿಲ್ಲ."

"ಎರಡೂ ಒಂದೇ. ಓದಿದವನಿಗೆ ಗೊತ್ತಾಗಲ್ವಾ? ನಾಳೆ ಅಣ್ಣನ ಮಗ ಬಂದು, ಅತ್ತೆ, ಕೂತ್ಕೋ, ಮಂದೆ ನಾನು ನೋಡ್ಕೋತೀನಿ ಅಂತಾನೆ. ಒಳ್ಳೆಯವನು ಅವನು. ಒಳ್ಳೆಯ ಮಾತಲ್ಲೇ ಕೂರಿಸ್ತಾನೆ." ಹಗ್ಗವನ್ನು ಪಕ್ಕಕ್ಕಿಟ್ಟಳು. "ನನ್ನ ಜಗಲೀಲಿ ಕೂತು, ನನ್ನ ಟೀ ಕುಡಿದು, ನನ್ನ ಸತ್ತ ಕರು ಎಣಿಸ್ತಾ ಇದ್ಯಲ್ಲ ನೀನು. ಎದ್ದು ಹೋಗು."

ರೇಡಿಯೋ ಅಕ್ಕ ಎದ್ದು ಬಂದಳು. ಅಷ್ಟೇ. ಅಲ್ಲಿಂದ ಮುಂದೆ ಆ ಬಿಡಾರದ ಕಡೆ ಹೋಗಲಿಲ್ಲ. ಬಿಲ್ಲೆ ಹಾಕುವ ದಿನಗಳಲ್ಲಿ ಹೋದರೂ ಅತ್ತೆ ಒಳಗೇ ಇರುತ್ತಿದ್ದಳು. ಮೂರನೆಯ ವರ್ಷದ ಕರು ಹಾಕುವ ತಿಂಗಳು ಶುರುವಾಯಿತು. ಬಯಲಿನಲ್ಲಿ ಅವಳು ಮಾತಾಡಿಸಬಹುದಾಗಿದ್ದ ಒಂದೇ ಬಾಗಿಲು ಮುಚ್ಚಿಕೊಂಡಿತ್ತು. ಒಬ್ಬಳೇ ಇರುವುದು ಬೇರೆ, ಒಬ್ಬರು ಬೇಡವೆಂದ ಮೇಲೆ ಒಬ್ಬಳೇ ಇರುವುದು ಬೇರೆ ಎಂದು ಅವಳಿಗೆ ಆ ತಿಂಗಳಲ್ಲಿ ತಿಳಿಯಿತು. ಮಂಚದ ಮೇಲೆ ಕೂತು ಮೊಟ್ಟೆ ಸುಲಿಯುತ್ತ, ತಾನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು ಎಂದು ಹುಡುಕುತ್ತಿದ್ದಳು. ಸುಳ್ಳೇನೂ ಸಿಗುತ್ತಿರಲಿಲ್ಲ. ಅದರಿಂದ ಸಮಾಧಾನವೂ ಆಗುತ್ತಿರಲಿಲ್ಲ.

ಒಂದು ಸಂಜೆ ದಿಬ್ಬದ ಮೇಲೆ ಇನ್ನೂರ ನಲವತ್ತಮೂರನೇ ನಂಬರು ಹಿಡಿದಳು. ಟಿಕ್, ಟಿಕ್, ನಿಧಾನವಾಗಿ, ಸರಿಯಾಗಿ. ಎಂದಿನಂತೆ ಪೆನ್ನು 'ಜೀವಂತ' ಎಂದು ಬರೆಯಿತು. ಆಮೇಲೆ ದಿಕ್ಕು ನೋಡಿದಳು. ಸದ್ದು ಬರುತ್ತಿದ್ದದ್ದು ಪೂರ್ವದ ಹಳ್ಳದ ಕಡೆಯಿಂದ. ಅದು ಅತ್ತೆಯ ಮಂದೆಯ ಕರು. ಮಂದೆ ಆಗಲೇ ಪಶ್ಚಿಮದ ದೊಡ್ಡಿಗೆ ಹೊಕ್ಕಿತ್ತು, ಧೂಳು ಇನ್ನೂ ಕಾಣುತ್ತಿತ್ತು.

ಅವಳು ಕೋಣೆಗೆ ಓಡಿ ಹಿಂದಿನ ಎರಡು ವರ್ಷದ ಪುಸ್ತಕ ತೆಗೆದಳು. ಸತ್ತ ಹನ್ನೆರಡು ಕರುಗಳ ಹಿಂದಿನ ದಿನದ ಪುಟ ನೋಡಿದಳು, ಅದರ ಹಿಂದಿನ ದಿನದ್ದನ್ನೂ ನೋಡಿದಳು. ಪ್ರತಿಯೊಂದರ ಮುಂದೆಯೂ ಅವಳದೇ ದುಂಡಗಿನ ಅಕ್ಷರ: ಸಂಜೆ, ಪೂರ್ವ ದಿಕ್ಕು, ಜೀವಂತ. ಸಂಜೆ, ಪೂರ್ವ ದಿಕ್ಕು, ಜೀವಂತ. ಹಸಿದು ಬಿದ್ದಿದ್ದ ಕರುವಿನ ಸದ್ದನ್ನು ಹನ್ನೆರಡು ಸಲವೂ ಅವಳು ಕೇಳಿದ್ದಳು. ಕೇಳಿ, ಬರೆದು, ಪುಸ್ತಕ ಮುಚ್ಚಿ ಅಡುಗೆ ಮಾಡಿಕೊಂಡಿದ್ದಳು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಇವಳಿಗೆ ಕಿವಿ ಕೇಳುತ್ತಿತ್ತು.

ಅಧ್ಯಯನದ ನಿಯಮ ಒಂದೇ ಒಂದು: ನೋಡಬೇಕು, ಬರೆಯಬೇಕು, ಕೈ ಹಾಕಬಾರದು. ಕೈ ಹಾಕಿದರೆ ಲೆಕ್ಕ ಕೆಡುತ್ತದೆ. ಅದನ್ನು ಡಾಕ್ಟರು ಮೊದಲ ದಿನವೇ ಹೇಳಿದ್ದರು; ಅವಳು ಒಪ್ಪಿ ಸಹಿ ಮಾಡಿದ್ದಳು.

ಜೀಪು ತೆಗೆದಳು. ಸೂರ್ಯ ಮುಳುಗುವ ಹೊತ್ತಿಗೆ ಹಳ್ಳದ ಪಕ್ಕ ಸೊಂಟದೆತ್ತರದ ಹುಲ್ಲಿನಲ್ಲಿ ಆಂಟೆನಾ ಹಿಡಿದು ಹೆಜ್ಜೆ ಹೆಜ್ಜೆ ಹೋದಳು. ಕರು ಕಾಲು ಮಡಚಿಕೊಂಡು, ಕುತ್ತಿಗೆ ನೆಲಕ್ಕೆ ಹಾಸಿ ಮಲಗಿತ್ತು. ಮೈ ತಣ್ಣಗಿತ್ತು, ಬಾಯೊಳಗೆ ಬೆರಳಿಟ್ಟರೆ ಮೆಲ್ಲಗೆ ಚೀಪಿತು. ತನ್ನ ಸ್ವೆಟರಿನಲ್ಲಿ ಸುತ್ತಿ, ಮುಂದಿನ ಸೀಟಿನಲ್ಲಿ ಮಲಗಿಸಿ, ನೇರ ಅತ್ತೆಯ ದೊಡ್ಡಿಗೆ ಹೊಡೆದಳು.

ದೊಡ್ಡಿಯೊಳಗೆ ಒಂದು ಹಸು ಒಂದೇ ಸಮನೆ ಅರಚುತ್ತಿತ್ತು. ಅತ್ತೆ ಗೇಟಿನ ಹತ್ತಿರ ನಿಂತಿದ್ದಳು.

"ಯಾರು?"

"ನಾನು ದೊಡ್ಡಮ್ಮ. ಕರು ತಂದಿದ್ದೀನಿ."

ಅತ್ತೆ ಕೈ ಚಾಚಿದಳು. ಕರುವಿನ ಮೂತಿ, ಹಣೆ, ಕಿವಿಯ ಬಿಲ್ಲೆ, ಬೆನ್ನು ಎಲ್ಲವನ್ನೂ ತಡವಿದಳು. "ಬಿಳಿ ಹಣೆಯವಳ ಮಗು ಇದು" ಅಂದಳು. ತಾಯಿಯ ಹತ್ತಿರ ಬಿಟ್ಟು, ಕೆಚ್ಚಲು ಹಿಂಡಿ ಮೊದಲ ಹನಿಯನ್ನು ತಾನೇ ಅದರ ಬಾಯಿಗೆ ಹಾಕಿದಳು. ಕರು ತಾನೇ ಕುಡಿಯತೊಡಗುವ ತನಕ ಇಬ್ಬರೂ ಸಗಣಿಯ ನೆಲದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಈ ಹಸು ನಿನ್ನೆಯಿಂದ ಕೂಗ್ತಾ ಇತ್ತು" ಎಂದಳು ಅತ್ತೆ. "ಯಾಕೆ ಅಂತ ನನಗೆ ಗೊತ್ತಿತ್ತು. ಎಲ್ಲಿ ಅಂತ ಗೊತ್ತಿರಲಿಲ್ಲ. ಹೋಗಿ ಹುಡುಕಿದೆ. ಹುಲ್ಲಲ್ಲಿ ಕೈಯಾಡಿಸಿ ಎಷ್ಟು ಹುಡುಕೋದು?"

"ನನಗೂ ನಿನ್ನೆ ಕೇಳಿಸಿತ್ತು ದೊಡ್ಡಮ್ಮ. ಈ ಕರು ಒಂದೇ ಅಲ್ಲ. ಆ ಹನ್ನೆರಡೂ ಕೇಳಿಸಿದ್ದವು. ನಾನು ಬರೆದು ಸುಮ್ಮನಾದೆ."

ಅತ್ತೆ ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಬಯ್ಯಲೂ ಇಲ್ಲ. ಕರುವಿನ ಮೂತಿ ಒರೆಸಿ, "ಟೀ ಕುಡೀತೀಯಾ?" ಎಂದು ಕೇಳಿದಳು.

ಮಾರನೆಯ ದಿನ ರೇಡಿಯೋ ಅಕ್ಕ ಬಿಡಿ ರಿಸೀವರೊಂದನ್ನು ತಂದು ಅತ್ತೆಯ ಕೈಗಿಟ್ಟಳು. ನಂಬರು ಓದಲಾಗದಲ್ಲ, ಅದಕ್ಕೆ ಗುಂಡಿಯ ಸುತ್ತ ಬ್ಲೇಡಿನಿಂದ ಕಚ್ಚು ಹಾಕಿ, ಒಂದೊಂದು ಕಚ್ಚಿಗೂ ಒಂದೊಂದು ಕರು ಎಂದು ಗೊತ್ತು ಮಾಡಿದಳು. ಅತ್ತೆ ಕಲಿಯಲು ನಾಲ್ಕು ದಿನವೂ ತೆಗೆದುಕೊಳ್ಳಲಿಲ್ಲ. ಅವಳ ಕಿವಿ ಮೊದಲೇ ಚುರುಕು. ಈಗಂತೂ ಕಣ್ಣಿನ ಕೆಲಸವನ್ನೂ ಅದೇ ಮಾಡಿ ಅಭ್ಯಾಸವಾಗಿತ್ತು. ಸಂಜೆ ಮಂದೆ ತಿರುಗಿಸುವ ಮೊದಲು ಹುಲ್ಲಿನ ನಡುವೆ ಆಂಟೆನಾ ಎತ್ತಿ ನಿಂತು ಸುತ್ತುತ್ತಿದ್ದಳು. ಸದ್ದು ಏರಿದ ಕಡೆಗೆ ಹೆಜ್ಜೆ ಹಾಕಿ, ಬಗ್ಗಿ, ಕರು ಎತ್ತುತ್ತಿದ್ದಳು. ದಿಬ್ಬದ ಮೇಲಿಂದ ರೇಡಿಯೋ ಅಕ್ಕ ಅದನ್ನು ನೋಡುತ್ತಿದ್ದಳು. ಆ ಋತುವಿನಲ್ಲಿ ಅತ್ತೆಯ ಹತ್ತೊಂಬತ್ತು ಕರುಗಳಲ್ಲಿ ಸತ್ತದ್ದು ಒಂದು. ಅದನ್ನು ತೋಳವೇ ಕೊಂದಿತ್ತು, ಚರ್ಮದಡಿ ರಕ್ತವಿತ್ತು.

ಡಾಕ್ಟರಿಗೆ ಮುಚ್ಚಿಡುವುದು ಅವಳಿಂದ ಆಗಲಿಲ್ಲ. ಋತು ಮುಗಿದು ಅವರು ಪುಸ್ತಕ ನೋಡಲು ಬಂದಾಗ ತಾನೇ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವಾಗಿಂದ?"

"ಇನ್ನೂರ ನಲವತ್ತಮೂರರಿಂದ ಸರ್."

"ಹಾಗಿದ್ರೆ ಈ ವರ್ಷ ಆ ಮಂದೆಯ ಲೆಕ್ಕ ಪೂರ್ತಿ ತೆಗೆಯಬೇಕು. ಹತ್ತೊಂಬತ್ತು ಕರು. ಒಂದು ವರ್ಷದ ಕೆಲಸ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ನಿಮ್ಮ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡ್ತಿದ್ದೆ. ಆದರೆ ನಿಮ್ಮನ್ನ ಮುಂದುವರಿಸಿ ಅಂತ ಮೇಲಿನವರಿಗೆ ಬರೆಯೋಕೆ ನನಗೆ ಆಗಲ್ಲ. ಅದು ನಿಮಗೆ ಅರ್ಥ ಆಗುತ್ತಲ್ಲ?"

"ಆಗುತ್ತೆ ಸರ್."

ವರದಿ ಬಂತು. ಡಾಕ್ಟರು ದನಗಾಹಿಗಳನ್ನೆಲ್ಲ ಒಂದು ಕಡೆ ಸೇರಿಸಿ, ಸತ್ತ ಐದು ಕರುಗಳಲ್ಲಿ ಒಂದೇ ಒಂದು ತೋಳದ ಪಾಲಿಗೆ ಹೋಗುತ್ತದೆ ಎಂದು ವಿವರಿಸಿದರು. ಹುಟ್ಟಿದ ಕರುವನ್ನು ಮೊದಲ ವಾರ ಬಿಡಾರದ ಹತ್ತಿರವೇ ತಾಯಿಯ ಜೊತೆ ಕಟ್ಟಿಕೊಳ್ಳಿ ಎಂದರು. ಕೆಲವರು ಮೂಗು ಮುರಿದರು, ಕೆಲವರು ತಲೆಯಾಡಿಸಿದರು. ವಿಷದ ಮಾತು ಮಾತ್ರ ಅಲ್ಲಿಗೆ ನಿಂತಿತು. ಸಭೆ ಮುಗಿದ ಮೇಲೆ ಅತ್ತೆಯ ಅಣ್ಣನ ಮಗ ರೇಡಿಯೋ ಅಕ್ಕನ ಹತ್ತಿರ ಬಂದ.

"ಅತ್ತೆಗೆ ಕಣ್ಣು ಕಾಣಲ್ಲ ಅಂತ ನನಗೆ ಗೊತ್ತಿತ್ತು ಅಕ್ಕ. ಎರಡು ವರ್ಷದಿಂದ ಗೊತ್ತು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಕೂರಿಸಬೇಕಲ್ಲ. ಅವಳನ್ನ ಕೂರಿಸೋಕೆ ನನಗೆ ಬಾಯಿ ಬರಲಿಲ್ಲ." ಅವನು ನೆಲ ನೋಡುತ್ತ ನಿಂತ. ಹೀಗೆ ಒಬ್ಬರಿಗೊಬ್ಬರು ಮುಚ್ಚಿಟ್ಟದ್ದರಲ್ಲಿ ಹನ್ನೆರಡು ಕರು ಹೋಗಿದ್ದವು ಎಂದು ಅವಳಿಗೆ ಅನಿಸಿತು. ಆದರೆ ಅವನಿಗೆ ಹೇಳಲಿಲ್ಲ.

ಕೊನೆಗೆ ಎರಡು ಮಂದೆ ಒಂದಾದವು. ಮೇಯಿಸುವುದು ಅವನು, ಎಳೆಗರುಗಳ ಉಸ್ತುವಾರಿ ಅತ್ತೆಯದು. ಬಿಲ್ಲೆಗಳ ಬ್ಯಾಟರಿ ಒಂದೊಂದಾಗಿ ತೀರಿಹೋಗಿ ರಿಸೀವರು ಮೂಕವಾಯಿತು. ಅಷ್ಟರಲ್ಲಿ ಕರುಗಳೆಲ್ಲ ಬಿಡಾರದ ಹತ್ತಿರವೇ ಇರತೊಡಗಿದ್ದವು.

ರೇಡಿಯೋ ಅಕ್ಕ ತಮ್ಮನ ಮನೆಗೆ ಹಿಂತಿರುಗಲಿಲ್ಲ. ಕರಾವಳಿಯ ಒಂದು ಬಂದರಿನಲ್ಲಿ ಮೀನು ದೋಣಿಗಳ ವೈರ್‌ಲೆಸ್ ರಿಪೇರಿ ಮಾಡುವ ಕೆಲಸ ಸಿಕ್ಕಿತು. ಗೋದಾಮಿನ ಮೇಲೊಂದು ಕೋಣೆ, ಕಿಟಕಿಯಿಂದ ನೋಡಿದರೆ ನೀರು. ಬಂದರಿನಲ್ಲಿ ಜನಕ್ಕೇನೂ ಬರವಿಲ್ಲ. ಆದರೆ ಅವರು ದೋಣಿಯಿಂದ ಇಳಿದು ಪೆಟ್ಟಿಗೆ ಕೊಟ್ಟು, ಸರಿಯಾದ ಮೇಲೆ ತೆಗೆದುಕೊಂಡು ಹೋಗುವವರು.

ಮೊನ್ನೆ ಅತ್ತೆಯಿಂದ ಫೋನ್ ಬಂತು. ಅಣ್ಣನ ಮಗ ಹಚ್ಚಿಕೊಟ್ಟದ್ದು. ಹಸುಗಳ ಹೆಸರು ಹಿಡಿದು ಯಾವುದು ಯಾವಾಗ ಕರು ಹಾಕಿತು ಎಂದೆಲ್ಲ ಹೇಳಿದಳು. ಈಗ ಪಕ್ಕದಲ್ಲೂ ಏನೂ ಕಾಣುವುದಿಲ್ಲ ಎಂದು ನಡುವೆ ಒಂದು ಮಾತು ಹೇಳಿ ದಾಟಿಸಿದಳು.

"ಅಲ್ಲಿ ಗಾಳಿ ಇದ್ಯಾ?" ಎಂದು ಅತ್ತೆ ಕೇಳಿದಳು.

"ಇದೆ ದೊಡ್ಡಮ್ಮ. ಜೋರಾಗಿದೆ."

"ಇಲ್ಲೂ ಇದೆ."

ಫೋನಿನಲ್ಲಿ ಚಾರ್ಜು ಕಡಿಮೆ ಇದೆ ಎಂದು ಅಣ್ಣನ ಮಗ ಪಕ್ಕದಿಂದ ಹೇಳುವುದು ಕೇಳಿಸಿತು. ಅತ್ತೆ ಅವನಿಗೆ ಇರು ಎಂದಳು. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಫೋನ್ ಹಿಡಿದೇ ಇದ್ದರು.